ಹೊಟ್ಟೆ ಖಾಲಿಯಾದಾಗಲೆಲ್ಲ ಮಂಕಾಗುತ್ತಾರಾ? ಇನ್ಸುಲಿನೋಮಾ ಗಡ್ಡೆ: ಪತ್ತೆಯಿಂದ ಆಪರೇಷನ್‌ವರೆಗೆ

ನಮ್ಮೂರು ಮುಳಬಾಗಿಲು ತಾಲ್ಲೂಕು. ಅಮ್ಮ ಬೆಳಗಿನ ಜಾವ 5 ಗಂಟೆಗೆ ಎದ್ದು, ಬಾಯಿಗೆ ಏನೂ ಹಾಕಿಕೊಳ್ಳದೆ, ಮೂರು ಸೀಮೆಹಸು ಕರೆದು, ಡೇರಿಗೆ ಹಾಲು ಹಾಕಿ ಬಂದ ಮೇಲೇ ಕಾಫಿ ಕುಡಿಯುತ್ತಿದ್ದರು. ಒಂದು ದಿನ ಕೊಟ್ಟಿಗೆಗೆ ಹೋಗಿ ನೋಡಿದರೆ, ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಕೈ ಕರೆಯುತ್ತಲೇ ಇದೆ, ಆದರೆ ಬಕೆಟ್ಟು ಉರುಳಿ ಬಿದ್ದು ಹಾಲೆಲ್ಲ ಗಂಜಲದ ಜೊತೆ ಹರಿದು ಹೋಗುತ್ತಿದೆ. ಅವರಿಗೆ ಅದು ಗೊತ್ತೇ ಇಲ್ಲ. ಡಿಸೆಂಬರ್ ಚಳಿಯಲ್ಲಿ ರವಿಕೆ ಬೆವರಿಗೆ ತೊಯ್ದಿತ್ತು. ಎರಡು ವರ್ಷದ ಹಿಂದೆ ಸತ್ತುಹೋದ ಗೌರಿ ಅನ್ನೋ ಹಸುವಿನ ಹೆಸರು ಹಿಡಿದು ಮಾತಾಡುತ್ತಿದ್ದರು. ಬಲವಂತವಾಗಿ ಬೆಲ್ಲದ ಕಾಫಿ ಕುಡಿಸಿದೆವು. ಕಾಲು ಗಂಟೆಗೆ ಸರಿಹೋಗಿ, "ಯಾಕೆ ಎಲ್ಲರೂ ಇಲ್ಲಿ ನಿಂತಿದ್ದೀರಿ?" ಅಂದರು.

ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾಯಿತು. ಆಮೇಲೆ ಒಂದು ಆಸ್ಪತ್ರೆಯಲ್ಲಿ ಫಿಟ್ಸ್ ಅಂದರು. 14 ತಿಂಗಳು ಫಿಟ್ಸ್ ಮಾತ್ರೆ ನುಂಗಿದರು. ಶಿವರಾತ್ರಿ ಉಪವಾಸದ ಮರುದಿನ ಬೆಳಿಗ್ಗೆ ಮತ್ತೆ ಹಾಗೇ ಆದಾಗ, ಅಪ್ಪನ ಶುಗರ್ ಮೆಷಿನ್ ತಗೊಂಡು ಅಮ್ಮನ ಬೆರಳು ಚುಚ್ಚಿದೆ. 38 ತೋರಿಸಿತು, ತೀರಾ ಕಮ್ಮಿ. ನಾನು ಲ್ಯಾಬ್ ಟೆಕ್ನಿಷಿಯನ್. ಬೇರೆಯವರ ಶುಗರ್ ನೋಡುವುದೇ ನನ್ನ ದಿನದ ಕೆಲಸ, ಆದರೆ ಅಮ್ಮನದು ನೋಡಬೇಕು ಅಂತ ಅಷ್ಟು ದಿನ ತೋಚಿರಲಿಲ್ಲ. ಇನ್ನೊಂದು ಮನೆಯವರಿಗೆ ಅಷ್ಟು ತಿಂಗಳು ಹಾಳಾಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಇನ್ಸುಲಿನೋಮಾ. ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಯಲ್ಲಿ ಒಂದು ಸಣ್ಣ ಗಡ್ಡೆ ಎದ್ದು, ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ ಸುಮ್ನೆ ಇನ್ಸುಲಿನ್, ಅಂದರೆ ಶುಗರ್ ಇಳಿಸುವ ಹಾರ್ಮೋನ್, ಸುರಿಸುತ್ತಾ ಇರುತ್ತದೆ. ತುಂಬಾ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಜನಕ್ಕೆ ಬರುತ್ತದೆ. ಹಾಗಾಗಿ ತಾಲ್ಲೂಕಿನ ಒಬ್ಬ ಡಾಕ್ಟರ್ ಜೀವನವೆಲ್ಲಾ ಒಂದನ್ನೂ ನೋಡದೆ ಇರಬಹುದು, ಅವರನ್ನು ದೂರಿ ಪ್ರಯೋಜನವಿಲ್ಲ. ಒಳ್ಳೆಯ ಸುದ್ದಿ ಅಂದರೆ ನೂರರಲ್ಲಿ ಸುಮಾರು 90 ಗಡ್ಡೆಗಳು ಕ್ಯಾನ್ಸರ್ ಅಲ್ಲ, ಒಂಟಿಯಾಗಿರುತ್ತವೆ, 2 ಸೆಂಟಿಮೀಟರ್‌ಗಿಂತ ಚಿಕ್ಕವು. ಕರೆಕ್ಟಾಗಿ ಹುಡುಕಿ ತೆಗೆದರೆ ಕಾಯಿಲೆ ಅಲ್ಲಿಗೆ ಮುಗಿಯಿತು.

ನೆನಪಿಡಬೇಕಾದ ಕ್ರಮ ಒಂದೇ. ಮೊದಲು ರಕ್ತದಲ್ಲಿ ಸಾಬೀತು ಮಾಡಬೇಕು, ಆಮೇಲೆ ಸ್ಕ್ಯಾನಿನಲ್ಲಿ ಹುಡುಕಬೇಕು, ಕೊನೆಗೆ ಆಪರೇಷನ್. ಇದನ್ನು ತಿರುಗಾಮುರುಗಾ ಮಾಡಿದರೆ ದುಡ್ಡೂ ಹೋಗುತ್ತದೆ, ಪ್ಯಾಂಕ್ರಿಯಾಸೂ ಹೋಗುತ್ತದೆ.

ಅನುಮಾನ ಯಾವಾಗ ಬರಬೇಕು

ಹೊತ್ತು ನೋಡಿ. ಬೆಳಗಿನ ಜಾವ, ಊಟ ತಡವಾದಾಗ, ಹೊಲದಲ್ಲಿ ಜಾಸ್ತಿ ಕೆಲಸ ಮಾಡಿದಾಗ, ಉಪವಾಸದ ದಿನ. ಇಂಥ ಹೊತ್ತಲ್ಲೇ ಮತ್ತೆ ಮತ್ತೆ ಆಗುತ್ತಿದ್ದರೆ ಅದು ಗಾಳಿಯಲ್ಲ, ಲೋ ಶುಗರ್ ಇರಬಹುದು. ಬೆವರು, ನಡುಕ, ಎದೆ ಡವಡವ ಅನ್ನುವುದು ಒಂದು ಗುಂಪು. ಮಾತು ತೊದಲುವುದು, ಎರಡೆರಡು ಕಾಣುವುದು, ಮಂಕು ಬಡಿದಂತಾಗುವುದು, ಇದ್ದಕ್ಕಿದ್ದಂತೆ ಸಿಟ್ಟಿಗೇಳುವುದು, ಕುಡಿದವರ ಹಾಗೆ ತೂರಾಡುವುದು, ಫಿಟ್ಸ್ ಬರುವುದು ಇನ್ನೊಂದು ಗುಂಪು. ಮಿದುಳಿಗೆ ಸಕ್ಕರೆ ಸಾಲದೆ ಆಗುವುದು ಈ ಎರಡನೆಯದು, ಜನ ದಾರಿ ತಪ್ಪುವುದೂ ಇಲ್ಲೇ. ಆಗ ನಡೆದದ್ದು ಅವರಿಗೆ ನೆನಪಿರುವುದಿಲ್ಲ, ಹಾಗಾಗಿ ಡಾಕ್ಟರ್ ಮುಂದೆ ನೋಡಿದವರೇ ಹೇಳಬೇಕು. ಒಬ್ಬರನ್ನೇ ಕಳಿಸಬೇಡಿ. ತೂಕ ಏರುವುದೂ ಒಂದು ಸುಳಿವು. ಸಿಹಿ ತಿಂದರೆ ಸರಿಹೋಗುತ್ತದೆ ಅಂತ ಮೈಗೇ ಗೊತ್ತಾಗಿ ಬಿಡುತ್ತದೆ. ಅಮ್ಮ ದಿಂಬಿನ ಪಕ್ಕ ಬೆಲ್ಲದ ಡಬ್ಬಿ ಇಟ್ಟುಕೊಂಡು ಮಲಗುತ್ತಿದ್ದರು, ಒಂದೂವರೆ ವರ್ಷಕ್ಕೆ 9 ಕಿಲೋ ಜಾಸ್ತಿಯಾಗಿದ್ದರು, ನಾವು ಆರೋಗ್ಯ ಚೆನ್ನಾಗಿದೆ ಅಂದುಕೊಂಡಿದ್ದೆವು.

ಅಲೆನ್ ವಿಪಲ್ ಅಂತ ಅಮೆರಿಕದ ಸರ್ಜನ್ 1930ರ ದಶಕದಲ್ಲಿ ಇದಕ್ಕೆ ಮೂರು ಗುರುತು ಹೇಳಿದರು. ಈಗಲೂ ಅದೇ ನಡೆಯುತ್ತಿದೆ. ಲೋ ಶುಗರಿನ ಲಕ್ಷಣ ಇರಬೇಕು, ಆ ಹೊತ್ತಲ್ಲಿ ಶುಗರ್ ನಿಜವಾಗಿ ಕಮ್ಮಿ ಇರಬೇಕು, ಸಕ್ಕರೆ ಕೊಟ್ಟ ತಕ್ಷಣ ಲಕ್ಷಣ ಹೋಗಬೇಕು. ಮೂರೂ ಇದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಅರ್ಥ.

ಮನೆಯಲ್ಲಿ ಮಾಡಬೇಕಾದ್ದು

ಒಂದು ಗ್ಲೂಕೋಮೀಟರ್, ಒಂದು ಪುಸ್ತಕ. ನಾನು ಅಮ್ಮನ ಡೇರಿ ಲೆಕ್ಕದ ಪುಸ್ತಕದಲ್ಲೇ ಬರೆದೆ, ಎಡಗಡೆ ಎಷ್ಟು ಲೀಟರ್ ಹಾಲು, ಬಲಗಡೆ ಎಷ್ಟು ಶುಗರ್. ತೊಂದರೆ ಶುರುವಾದ ಕೂಡಲೇ ಬೆರಳು ಚುಚ್ಚಿ, ಗಂಟೆ ಬರೆದು, ಕೊನೆಯ ಊಟ ಯಾವಾಗ ಆಗಿತ್ತು ಅಂತ ಬರೆದು, ಸಕ್ಕರೆ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಚುಚ್ಚುವುದಕ್ಕೆ ಅರ್ಧ ನಿಮಿಷ ಸಾಕು. ಮೆಷಿನ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಕ್ಕರೆ ಕೊಡಿ. ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಚೇತರಿಸಿಕೊಂಡ ಮೇಲೆ ಮುದ್ದೆಯೋ ಅನ್ನವೋ ಹೊಟ್ಟೆಗೆ ಬೀಳಲಿ, ಬರೀ ಸಕ್ಕರೆ ಬೇಗ ಕರಗಿ ಮತ್ತೆ ಇಳಿಯುತ್ತದೆ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108 ಕರೆಯಿರಿ, ಅವರಿಗೆ ಬೇಕಾದ್ದು ರಕ್ತನಾಳಕ್ಕೆ ಗ್ಲೂಕೋಸ್.

ಬೈಕು, ಟ್ರ್ಯಾಕ್ಟರ್ ಓಡಿಸುವವರಾದರೆ ಪತ್ತೆ ಆಗುವವರೆಗೆ ಬಿಡಿಸಿ. ಬಾವಿ ಕಟ್ಟೆ, ಒಲೆ ಹತ್ತಿರ ಒಬ್ಬರೇ ಇರಬಾರದು. ಇನ್ನೊಂದು ಮಾತು, ಉಪವಾಸ ಇಟ್ಟು ನೋಡೋಣ ಅಂತ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಅದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ.

ರಕ್ತದಲ್ಲಿ ಸಾಬೀತು ಮಾಡುವುದು

ಇದೇ ಇಡೀ ವಿಷಯದ ಬೇರು. ಗ್ಲೂಕೋಮೀಟರ್ ಕಮ್ಮಿ ಶುಗರಿನಲ್ಲಿ ಅಷ್ಟು ನಂಬಿಕಸ್ಥ ಅಲ್ಲ, ಹಾಗಾಗಿ ಅದು ದಾರಿ ತೋರಿಸಬಹುದು, ತೀರ್ಪು ಕೊಡಲಾಗದು. ರೋಗಿಯನ್ನು ದಾಖಲು ಮಾಡಿಕೊಂಡು 72 ಗಂಟೆ ಉಪವಾಸದ ಪರೀಕ್ಷೆ ಮಾಡುತ್ತಾರೆ. ನೀರು ಕೊಡುತ್ತಾರೆ, ಓಡಾಡಿಸುತ್ತಾರೆ, ಕೈಗೆ ಸೂಜಿ ಹಾಕಿ ಗ್ಲೂಕೋಸ್ ಪಕ್ಕದಲ್ಲೇ ಸಿದ್ಧ ಇಟ್ಟಿರುತ್ತಾರೆ. ಆರಾರು ಗಂಟೆಗೆ ರಕ್ತ ತೆಗೆಯುತ್ತಾರೆ, ಶುಗರ್ 60ಕ್ಕಿಂತ ಕೆಳಗೆ ಬಂದ ಮೇಲೆ ಒಂದೆರಡು ಗಂಟೆಗೊಮ್ಮೆ. ಲಕ್ಷಣದ ಜೊತೆ 45ಕ್ಕಿಂತ ಕೆಳಗೆ ಇಳಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಹೆಸರಿಗೆ 72 ಗಂಟೆ, ಇನ್ಸುಲಿನೋಮಾ ಇದ್ದವರಲ್ಲಿ ಬಹಳ ಜನಕ್ಕೆ ಮೊದಲ 24 ಗಂಟೆಯಲ್ಲೇ, ಹೆಚ್ಚುಕಮ್ಮಿ ಎಲ್ಲರಿಗೂ 48 ಗಂಟೆಯೊಳಗೆ ಇಳಿದುಬಿಡುತ್ತದೆ. ಅಮ್ಮನಿಗೆ 16ನೇ ಗಂಟೆಗೆ 41 ಬಂತು.

ಆ ಕೆಳಗಿಳಿದ ಕ್ಷಣದಲ್ಲಿ ತೆಗೆದ ರಕ್ತವೇ ಚಿನ್ನ. ಶುಗರ್ 55ಕ್ಕಿಂತ ಕಮ್ಮಿ ಇರುವಾಗ ಆರೋಗ್ಯವಂತರ ಪ್ಯಾಂಕ್ರಿಯಾಸ್ ಇನ್ಸುಲಿನ್ ನಿಲ್ಲಿಸಿಬಿಡಬೇಕು. ನಿಲ್ಲಿಸಿಲ್ಲ ಅಂತ ತೋರಿಸುವ ಅಂಕಿಗಳು ಇವು: ಇನ್ಸುಲಿನ್ 3 ಮೈಕ್ರೋಯೂನಿಟ್ ಅಥವಾ ಮೇಲೆ, ಸಿ-ಪೆಪ್ಟೈಡ್ (ಮೈಯೊಳಗೆ ಇನ್ಸುಲಿನ್ ತಯಾರಾಗುವಾಗ ಅದರ ಜೊತೆಗೇ ಹೊರಬರುವ ತುಣುಕು) 0.6 ನ್ಯಾನೋಗ್ರಾಂ ಅಥವಾ ಮೇಲೆ, ಪ್ರೋಇನ್ಸುಲಿನ್ (ಇನ್ಸುಲಿನ್ ಆಗುವ ಮುಂಚಿನ ರೂಪ) 5 ಪಿಕೋಮೋಲ್ ಅಥವಾ ಮೇಲೆ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅನ್ನೋ ಕೀಟೋನ್ 2.7 ಮಿಲಿಮೋಲ್ ಅಥವಾ ಕಮ್ಮಿ. ಕೊನೆಯದು ಯಾಕೆ ಅಂದರೆ, ಉಪವಾಸ ಇದ್ದರೆ ಮೈ ಕೊಬ್ಬು ಕರಗಿಸಿ ಕೀಟೋನ್ ಮಾಡಬೇಕು, ಇನ್ಸುಲಿನ್ ಇದ್ದರೆ ಅದು ಮಾಡಲು ಬಿಡುವುದಿಲ್ಲ. ಪರೀಕ್ಷೆ ಮುಗಿಸುವಾಗ ಯಕೃತ್ತಿನಿಂದ ಸಕ್ಕರೆ ಬಿಡಿಸುವ ಗ್ಲೂಕಗಾನ್ ಅನ್ನೋ ಔಷಧಿ 1 ಮಿಲಿಗ್ರಾಂ ಕೊಟ್ಟು, ಅರ್ಧ ಗಂಟೆಯಲ್ಲಿ ಶುಗರ್ 25 ಅಥವಾ ಜಾಸ್ತಿ ಏರುತ್ತದಾ ಅಂತಲೂ ನೋಡುತ್ತಾರೆ. ಏರಿದರೆ ಅದೂ ಇನ್ಸುಲಿನ್ ಕಡೆಗೇ ಬೆರಳು ತೋರಿಸುತ್ತದೆ.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಹೇಳಲೇಬೇಕು. ಅಮ್ಮನ ಮೊದಲ ಸಲದ ಸ್ಯಾಂಪಲ್ ಹಾಳಾಗಿತ್ತು. ಒಂದು ಲ್ಯಾಬಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಸಂಜೆ ಗಾಡಿ ಬರುವವರೆಗೆ ಟೇಬಲ್ ಮೇಲೇ ಕೂತಿತ್ತು. ರಕ್ತಕಣ ಒಡೆದು ಸೀರಮ್ ಕೆಂಪಾಗಿತ್ತು. ಕಣ ಒಡೆದರೆ ಅದರೊಳಗಿನ ಕಿಣ್ವ ಇನ್ಸುಲಿನ್ನನ್ನೇ ತಿಂದುಹಾಕುತ್ತದೆ. ರಿಪೋರ್ಟಿನಲ್ಲಿ ಇನ್ಸುಲಿನ್ ಕಮ್ಮಿ ಬಂತು, ಏನೂ ಇಲ್ಲ ಅಂದುಬಿಟ್ಟರು. ಶುಗರಿಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಆಗಬೇಕು, ಇಲ್ಲದಿದ್ದರೆ ಟ್ಯೂಬಿನೊಳಗಿನ ಕಣಗಳೇ ಗಂಟೆಗೆ 5ರಿಂದ 7 ಪರ್ಸೆಂಟ್ ಸಕ್ಕರೆ ತಿಂದು ಇಲ್ಲದ ಲೋ ಶುಗರ್ ತೋರಿಸುತ್ತವೆ. ಇನ್ಸುಲಿನ್ ಸ್ಯಾಂಪಲ್ ಐಸಿನಲ್ಲಿ ಇಟ್ಟು ಬೇಗ ಸೆಂಟ್ರಿಫ್ಯೂಜ್ ಮಾಡಬೇಕು, ಅಂದರೆ ಮೆಷಿನ್ನಿನಲ್ಲಿ ಗಿರ್ರನೆ ತಿರುಗಿಸಿ ರಕ್ತಕಣ ಬೇರೆ ಮಾಡಬೇಕು. ಶುಗರ್, ಇನ್ಸುಲಿನ್, ಸಿ-ಪೆಪ್ಟೈಡ್ ಮೂರೂ ಒಂದೇ ಚುಚ್ಚಿನಲ್ಲಿ ತೆಗೆದದ್ದಾಗಿರಬೇಕು. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಕೆಲವು ಮೆಷಿನ್‌ಗಳಲ್ಲಿ ಅದು ಅಂಕಿಯನ್ನೇ ಕೆಡಿಸುತ್ತದೆ. ಇವನ್ನೆಲ್ಲ ಕೇಳಲು ಸಂಕೋಚ ಬೇಡ. ಕೇಳಿದರೆ ಒಳ್ಳೆಯ ಲ್ಯಾಬಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಗಡ್ಡೆಯ ಹಾಗೇ ವೇಷ ಹಾಕುವ ಇನ್ನೊಂದು ಕಳ್ಳ ಇದೆ, ಸಕ್ಕರೆ ಕಾಯಿಲೆ ಮಾತ್ರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆಗಳು ಪ್ಯಾಂಕ್ರಿಯಾಸನ್ನು ಹಿಂಡಿ ಇನ್ಸುಲಿನ್ ಹೊರಗೆ ತರುತ್ತವೆ, ಹಾಗಾಗಿ ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ಏರಿ ಥೇಟ್ ಗಡ್ಡೆಯ ಹಾಗೇ ಕಾಣುತ್ತದೆ. ನಮ್ಮ ಅಪ್ಪ ಗ್ಲಿಮೆಪಿರೈಡ್ ತಗೊಳ್ಳುತ್ತಾರೆ, ಅಮ್ಮನ ಬಿಪಿ ಮಾತ್ರೆಯೂ ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಡಾಕ್ಟರ್ ಮನೆಯ ಅಷ್ಟೂ ಮಾತ್ರೆ ತಂದು ತೋರಿಸಿ ಅಂದರು, ರಕ್ತದಲ್ಲೂ ಆ ಔಷಧಿ ಇದೆಯಾ ಅಂತ ನೋಡಿಸಿದರು. ಇರಲಿಲ್ಲ. ನಾಟಿ ಪುಡಿ ತಿನ್ನುತ್ತಿದ್ದರೆ ಅದನ್ನೂ ತೋರಿಸಿ, ಅಂಥ ಕೆಲವು ಪುಡಿಗಳಲ್ಲಿ ಇದೇ ಇಂಗ್ಲಿಷ್ ಔಷಧಿ ಬೆರೆಸಿದ್ದು ಸಿಕ್ಕಿದೆ. ಇನ್ಸುಲಿನ್ ತುಂಬಾ ಜಾಸ್ತಿ, ಸಿ-ಪೆಪ್ಟೈಡ್ ಕಮ್ಮಿ ಅಂತ ಬಂದರೆ ಅದು ಹೊರಗಿನಿಂದ ಚುಚ್ಚಿದ ಇನ್ಸುಲಿನ್. ಇನ್ಸುಲಿನ್ ಆಂಟಿಬಾಡಿ ಪರೀಕ್ಷೆಯೂ ಒಂದಿದೆ, ಗಡ್ಡೆಯೇ ಇಲ್ಲದೆ ಆಂಟಿಬಾಡಿಯಿಂದ ಶುಗರ್ ಬೀಳುವವರಿಗೆ ಆಪರೇಷನ್ ಮಾಡಬಾರದಲ್ವಾ.

ಗಡ್ಡೆ ಎಲ್ಲಿದೆ

ರಕ್ತ ಹೌದು ಅಂದ ಮೇಲೆ ಮಾತ್ರ ಸ್ಕ್ಯಾನ್. ಹೊಟ್ಟೆಯ ಮಾಮೂಲಿ ಅಲ್ಟ್ರಾಸೌಂಡ್ ನಾರ್ಮಲ್ ಬಂದರೆ ಅದಕ್ಕೆ ಬೆಲೆ ಇಲ್ಲ, ಅಮ್ಮನದು ಮೂರು ಸಲ ನಾರ್ಮಲ್ ಬಂದಿತ್ತು. ಪ್ಯಾಂಕ್ರಿಯಾಸಿಗೆ ಅಂತಲೇ ತೆಳು ತೆಳು ಪದರದಲ್ಲಿ ಮಾಡುವ ಸಿಟಿ ಬೇಕು. ಈ ಗಡ್ಡೆಗೆ ರಕ್ತ ಸಂಚಾರ ಜಾಸ್ತಿ, ಬಣ್ಣದ ಔಷಧಿ ಅಪಧಮನಿಯಲ್ಲಿರುವ ಆ ಕೆಲವೇ ಸೆಕೆಂಡಿನಲ್ಲಿ ಫೋಟೋ ತೆಗೆದರೆ ಫಳ್ ಅಂತ ಹೊಳೆಯುತ್ತದೆ, ಸ್ವಲ್ಪ ತಡವಾದರೂ ಸುತ್ತಲಿನ ಜೊತೆ ಕರಗಿಹೋಗುತ್ತದೆ. ಸಿಟಿಯಲ್ಲಿ ಸಿಗದಿದ್ದರೆ ಎಂಆರ್‌ಐ, ಆಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ನಿದ್ದೆ ಔಷಧಿ ಕೊಟ್ಟು ಬಾಯಿಂದ ಟ್ಯೂಬ್ ಇಳಿಸಿ, ಜಠರದ ಒಳಗಿನಿಂದ ಹಿಂದಿರುವ ಪ್ಯಾಂಕ್ರಿಯಾಸನ್ನು ನೋಡುತ್ತಾರೆ. ಅಮ್ಮನ ಗಡ್ಡೆ ಸಿಕ್ಕಿದ್ದು ಇದರಲ್ಲೇ, ಪ್ಯಾಂಕ್ರಿಯಾಸಿನ ನಡುಭಾಗದಲ್ಲಿ, 1.4 ಸೆಂಟಿಮೀಟರ್. ಒಂದು ಅವರೆಕಾಳಿನಷ್ಟು. ಪ್ಯಾಂಕ್ರಿಯಾಸಿನ ಬಲತುದಿಗೆ ತಲೆ, ಎಡತುದಿಗೆ ಬಾಲ ಅನ್ನುತ್ತಾರೆ. ಗಡ್ಡೆ ಬಾಲದ ತುದಿಯಲ್ಲಿದ್ದರೆ ಇದಕ್ಕೂ ಕಣ್ತಪ್ಪಬಹುದು.

ಆಗಲೂ ಸಿಗದಿದ್ದರೆ ಗ್ಯಾಲಿಯಮ್-68 ಎಕ್ಸೆಂಡಿನ್ ಪೆಟ್ ಸ್ಕ್ಯಾನ್ ಇದೆ, ಗಡ್ಡೆಗೆ ಹೋಗಿ ಅಂಟುವ ವಿಕಿರಣದ ಔಷಧಿ ಚುಚ್ಚಿ ಫೋಟೋ ತೆಗೆಯುವುದು. ಎಲ್ಲ ಕಡೆ ಮಾಡುವುದಿಲ್ಲ, ಡಾಕ್ಟರನ್ನು ಕೇಳಿ. ಹೆಚ್ಚು ಕಡೆ ಸಿಗುವ ಡೋಟಾಟೇಟ್ ಪೆಟ್ ಹಾರ್ಮೋನ್ ಕಣಗಳಿಂದ ಏಳುವ ಬೇರೆ ಪ್ಯಾಂಕ್ರಿಯಾಸ್ ಗಡ್ಡೆಗಳಿಗೆ ಚೆನ್ನ, ಇನ್ಸುಲಿನೋಮಾಗೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಯಾಕೆಂದರೆ ಅದು ಹುಡುಕಿ ಅಂಟಿಕೊಳ್ಳುವ ಜಾಗ, ಅಂದರೆ ರಿಸೆಪ್ಟರ್, ಈ ಗಡ್ಡೆಯಲ್ಲಿ ಹಲವು ಸಲ ಕಮ್ಮಿ. ಕೊನೆಯ ಉಪಾಯ, ತೊಡೆಯ ನಾಳದಿಂದ ಕೊಳವೆ ಹಾಕಿ ಪ್ಯಾಂಕ್ರಿಯಾಸಿನ ಒಂದೊಂದು ಅಪಧಮನಿಗೂ ಕ್ಯಾಲ್ಸಿಯಂ ಬಿಟ್ಟು, ಯಾವುದಕ್ಕೆ ಬಿಟ್ಟಾಗ ಯಕೃತ್ತಿನ ನಾಳದಲ್ಲಿ ಇನ್ಸುಲಿನ್ ಎರಡು ಪಟ್ಟು ಏರುತ್ತದೆ ಅಂತ ನೋಡುವುದು. ಗಡ್ಡೆ ಯಾವ ಭಾಗದ್ದು ಅಂತ ಅದು ಹೇಳುತ್ತದೆ.

ಯಾರಾದರೂ "ಗಡ್ಡೆ ಕಾಣ್ತಿಲ್ಲ, ಅಂದಾಜಿನ ಮೇಲೆ ಬಾಲದ ಕಡೆ ಅರ್ಧ ತೆಗೆದುಬಿಡೋಣ" ಅಂದರೆ ಒಪ್ಪಬೇಡಿ. ಹಿಂದೆ ಹಾಗೆ ಮಾಡುತ್ತಿದ್ದರು. ಗಡ್ಡೆ ತಲೆಭಾಗದಲ್ಲಿ ಉಳಿದು, ಒಳ್ಳೆಯ ಭಾಗ ಹೋಗಿರುತ್ತಿತ್ತು.

ಎಲ್ಲಿಗೆ ಹೋಗುವುದು ಅಂತ ತುಂಬಾ ಜನ ಕೇಳುತ್ತಾರೆ. ಮೊದಲ ರಕ್ತ ಪರೀಕ್ಷೆ, ಎಂಡೋಕ್ರೈನ್, ಅಂದರೆ ಹಾರ್ಮೋನ್ ಡಾಕ್ಟರಿಗೆ ಚೀಟಿ, ಇವಕ್ಕೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿಂದಲೋ ಟಮಕದ ಮೆಡಿಕಲ್ ಕಾಲೇಜಿನಿಂದಲೋ ಶುರು ಮಾಡಬಹುದು. ಆಪರೇಷನ್ನಿಗೆ ಮಾತ್ರ ಪ್ಯಾಂಕ್ರಿಯಾಸ್ ಕೆಲಸವನ್ನೇ ದಿನಾ ಮಾಡುವ ಕಡೆ ಹೋಗಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಮುಳಬಾಗಿಲು, ಬಂಗಾರಪೇಟೆ ಕಡೆಯವರಿಗೆ ವೇಲೂರಿನ ಸಿಎಂಸಿ ಕೂಡ ದೂರವಲ್ಲ. ಸರ್ಜನ್ನನ್ನು ನೇರವಾಗಿ ಕೇಳಿ: ವರ್ಷಕ್ಕೆ ಎಷ್ಟು ಪ್ಯಾಂಕ್ರಿಯಾಸ್ ಆಪರೇಷನ್ ಮಾಡುತ್ತೀರಿ, ಆಪರೇಷನ್ ನಡೆಯುವಾಗ ಅಲ್ಟ್ರಾಸೌಂಡ್ ಇಟ್ಟು ನೋಡುವ ಸೌಲಭ್ಯ ಇದೆಯಾ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ, ಅದಿಲ್ಲದೆ ಹೋಗಿ ವಾಪಸ್ ಬಂದವರನ್ನು ಕಂಡಿದ್ದೇನೆ. ಡೇರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಬಗ್ಗೆಯೂ ಕಾರ್ಯದರ್ಶಿಯನ್ನು ವಿಚಾರಿಸಿ.

ಆಪರೇಷನ್

ಆಪರೇಷನ್ನಿಗೆ ಮುಂಚೆ ಕಾಯುವ ದಿನಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ, ಮಲಗುವಾಗ ಒಂದು ತುತ್ತು. ರಾತ್ರಿ 2 ಗಂಟೆಗೆ ಅಲಾರಂ ಇಟ್ಟು ಅಮ್ಮನಿಗೆ ರಾಗಿ ಅಂಬಲಿ ಕೊಡುತ್ತಿದ್ದೆವು. ಡಯಾಜಾಕ್ಸೈಡ್ ಅನ್ನೋ ಔಷಧಿ ಇನ್ಸುಲಿನ್ ಬಿಡುಗಡೆ ತಡೆಯುತ್ತದೆ, ಕಾಲು ಊದುವುದು, ಮೈಮೇಲೆ ಕೂದಲು ಬೆಳೆಯುವುದು ಅದರ ತೊಂದರೆ. ಆಕ್ಟ್ರಿಯೋಟೈಡ್ ಇಂಜೆಕ್ಷನ್ ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಶುಗರ್ ಇನ್ನೂ ಇಳಿಸುತ್ತದೆ, ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ. ಆಪರೇಷನ್ ಹಿಂದಿನ ರಾತ್ರಿ ಊಟ ಬಿಡಿಸುತ್ತಾರಲ್ಲ, ಆ ರಾತ್ರಿ ಈ ರೋಗಿಗೆ ಅಪಾಯದ ರಾತ್ರಿ. ವಾರ್ಡಿನಲ್ಲಿ ಗ್ಲೂಕೋಸ್ ಡ್ರಿಪ್ ಓಡುತ್ತಿರಬೇಕು. ನರ್ಸ್ ಬದಲಾದಾಗಲೆಲ್ಲ ನೀವೇ ನೆನಪಿಸಿ. ಗುಲ್ಮ, ಅಂದರೆ ಸ್ಪ್ಲೀನ್ ತೆಗೆಯಬೇಕಾಗಬಹುದು ಅನ್ನಿಸಿದರೆ ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಲಸಿಕೆಗಳು ಕನಿಷ್ಠ ಎರಡು ವಾರ ಮುಂಚೆ ಆಗಿರಬೇಕು.

ಯಾವ ಆಪರೇಷನ್ ಅನ್ನುವುದು ಒಂದೇ ಅಳತೆಯ ಮೇಲೆ ನಿಂತಿದೆ. ಪ್ಯಾಂಕ್ರಿಯಾಸಿನ ಮುಖ್ಯ ನಾಳದಿಂದ ಗಡ್ಡೆ ಎಷ್ಟು ದೂರ? ಎರಡು ಮೂರು ಮಿಲಿಮೀಟರ್‌ಗಿಂತ ಜಾಸ್ತಿ ದೂರ ಇದ್ದು, ಗಡ್ಡೆ ಚಿಕ್ಕದಿದ್ದರೆ, ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುತ್ತಾರೆ. ಇದನ್ನು ಎನ್ಯೂಕ್ಲಿಯೇಷನ್ ಅನ್ನುತ್ತಾರೆ. ಅಮ್ಮನದು 4 ಮಿಲಿಮೀಟರ್ ದೂರ ಇತ್ತು. ಡಾಕ್ಟರ್ ಅಮ್ಮನಿಗೆ ಹೇಳಿದ್ದು ಹೀಗೆ: "ಹಿತಕಬೇಳೆ ಮಾಡ್ತೀರಲ್ಲಮ್ಮ, ನೆನೆದ ಅವರೆಕಾಳು ಹಿತುಕಿದರೆ ಸಿಪ್ಪೆಯಿಂದ ಬೇಳೆ ಜಾರಿ ಬರುತ್ತಲ್ಲ, ಹಾಗೆ." ಅಮ್ಮನಿಗೆ ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿರಲಿಲ್ಲ. ಗಡ್ಡೆ ನಾಳಕ್ಕೆ ಅಂಟಿದ್ದು ನಡುವಿನಲ್ಲೋ ಬಾಲದಲ್ಲೋ ಇದ್ದರೆ ಆ ತುದಿಯನ್ನು ಕತ್ತರಿಸುತ್ತಾರೆ, ಆದಷ್ಟು ಸ್ಪ್ಲೀನ್ ಉಳಿಸಿಕೊಂಡು. ತಲೆಭಾಗದಲ್ಲಿ ನಾಳಕ್ಕೇ ಅಂಟಿದ್ದರೆ ವಿಪಲ್ ಆಪರೇಷನ್, ಅದು ದೊಡ್ಡದು, ಮೇಲೆ ಹೇಳಿದ ಅದೇ ವಿಪಲ್ ಹೆಸರಿನದು. ಇವನ್ನು ತೂತು ಹಾಕಿ ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಾರೆ, ಹೊಟ್ಟೆ ತೆರೆದೂ ಮಾಡುತ್ತಾರೆ. ಹೇಗೇ ಮಾಡಲಿ, ಒಳಗೆ ಅಲ್ಟ್ರಾಸೌಂಡ್ ಇಟ್ಟು ಗಡ್ಡೆ, ನಾಳ ಎರಡನ್ನೂ ಕಣ್ಣಾರೆ ನೋಡಿ, ಇನ್ನೊಂದು ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಮುಖ್ಯ. ತೆರೆದು ಮಾಡುವಾಗ ಕೈಯಿಂದ ಮುಟ್ಟಿಯೂ ನೋಡುತ್ತಾರೆ. ಗಡ್ಡೆ ಗಟ್ಟಿ, ಸುತ್ತಲಿನದು ಮೆತ್ತಗೆ.

ಆಪರೇಷನ್ ನಡೆಯುವಾಗ ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ಶುಗರ್ ನೋಡುತ್ತಿರುತ್ತಾರೆ. ಗಡ್ಡೆ ಹೊರಗೆ ಬಂದ ಮೇಲೆ ಶುಗರ್ ತಾನಾಗೇ ಏರಲು ಶುರುವಾಗುತ್ತದೆ. ಅಮ್ಮನದು 64 ಇದ್ದದ್ದು ಒಂದು ಗಂಟೆಯೊಳಗೆ 128 ಆಯಿತು. ಆಮೇಲೆ ಕೆಲವು ದಿನ 200ರ ಹತ್ತಿರ ಹೋದರೂ ಗಾಬರಿ ಬೇಡ, ಇಷ್ಟು ದಿನ ಮಲಗಿದ್ದ ಒಳ್ಳೆಯ ಕಣಗಳು ಏಳಲು ಸಮಯ ಬೇಕು.

ಸೋರಿಕೆ

ಪ್ಯಾಂಕ್ರಿಯಾಸ್ ಗಿಣ್ಣಿನಷ್ಟು ಮೆತ್ತಗಿರುತ್ತದೆ. ಗಿಣ್ಣಿಗೆ ಹೊಲಿಗೆ ಹಾಕಿದ ಹಾಗೆ ಅಂತ ಊಹಿಸಿಕೊಳ್ಳಿ. ಹಾಗಾಗಿ ಅದರ ಜೀರ್ಣರಸ ಸೋರುವುದು ಈ ಆಪರೇಷನ್ನಿನ ಅತಿ ಸಾಮಾನ್ಯ ತೊಂದರೆ. ಹೊಟ್ಟೆಯಿಂದ ಒಂದು ಡ್ರೈನ್ ಪೈಪ್ ಬಿಟ್ಟಿರುತ್ತಾರೆ. ಮೂರನೇ ದಿನ ಆ ನೀರಿನಲ್ಲಿ ಅಮೈಲೇಸ್ ಅನ್ನೋ ಜೀರ್ಣರಸದ ಕಿಣ್ವ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಾರೆ, ರಕ್ತದ ಗರಿಷ್ಠ ಮಿತಿಗಿಂತ ಮೂರು ಪಟ್ಟು ಮೀರಿದ್ದರೆ ಸೋರಿಕೆ ಇದೆ ಅಂತ. ಅಮ್ಮನಿಗೆ ಇತ್ತು. ಜ್ವರ ಇಲ್ಲ, ಊಟ ಸೇರುತ್ತಿದೆ ಅಂತ ಪೈಪಿನ ಜೊತೆಯೇ ಮನೆಗೆ ಕಳಿಸಿದರು. ದಿನಾ ಬೆಳಿಗ್ಗೆ ಚೀಲದ ನೀರು ಅಳೆದು ಬರೆಯುತ್ತಿದ್ದೆ, 90 ಎಂಎಲ್ ಇದ್ದದ್ದು 60, 35, 10 ಆಗಿ 22ನೇ ದಿನ ಪೈಪ್ ತೆಗೆದರು. ಜ್ವರ ಬಂದರೆ, ಹೊಟ್ಟೆನೋವು ಏರಿದರೆ, ನೀರು ಕೆಂಪಾದರೆ, ಇದ್ದಕ್ಕಿದ್ದಂತೆ ನಿಂತುಹೋದರೆ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಕೆಂಪು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಆಪರೇಷನ್ ತಡೆಯಲಾಗದಷ್ಟು ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕವೇ ಸೂಜಿ ಹಾಕಿ ಗಡ್ಡೆಯನ್ನು ಸುಡುವ ವಿಧಾನ ಈಗ ಇದೆ. ಕ್ಯಾನ್ಸರ್ ಆಗಿ ಯಕೃತ್ತಿಗೆ ಹರಡಿದವರಿಗೂ ಆಪರೇಷನ್, ಎವೆರೋಲಿಮಸ್ ಮಾತ್ರೆ, ಲುಟೇಷಿಯಂ ಅನ್ನೋ ವಿಕಿರಣ ಔಷಧಿಯ ಚಿಕಿತ್ಸೆ ಅಂತ ದಾರಿಗಳಿವೆ. ಅದು ಬೇರೆಯದೇ ಕಥೆ, ಕ್ಯಾನ್ಸರ್ ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು.

ಗಡ್ಡೆಯ ಬಯಾಪ್ಸಿ ರಿಪೋರ್ಟಿನಲ್ಲಿ ಕೆಐ-67 ಅಂತ ಒಂದು ಅಂಕಿ ಇರುತ್ತದೆ, ಗಡ್ಡೆಯ ಕಣಗಳು ಎಷ್ಟು ಬೇಗ ಬೆಳೆಯುತ್ತಿವೆ ಅಂತ ಅದು ಹೇಳುತ್ತದೆ, ಅದನ್ನು ನೋಡಿ. 3 ಪರ್ಸೆಂಟಿಗಿಂತ ಕಮ್ಮಿ ಇದ್ದರೆ ಗ್ರೇಡ್ 1, ನಿಧಾನದ ಗಡ್ಡೆ. ಎಂಇಎನ್-1 ಅನ್ನೋ ವಂಶದ ಕಾಯಿಲೆ ಇದೆಯಾ ಅಂತಲೂ ಕೇಳಿ. ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ ಜನಕ್ಕೆ ಅದಿರುತ್ತದೆ, ಆದರೆ ಇದ್ದರೆ ಗಡ್ಡೆಗಳು ಒಂದಕ್ಕಿಂತ ಜಾಸ್ತಿ ಇರಬಹುದು, ಆಪರೇಷನ್ ಲೆಕ್ಕವೇ ಬದಲಾಗುತ್ತದೆ, ಮಕ್ಕಳಿಗೂ ಪರೀಕ್ಷೆ ಬೇಕಾಗುತ್ತದೆ. ವಯಸ್ಸು ಚಿಕ್ಕದಿದ್ದರೆ, ಮನೆಯಲ್ಲಿ ಯಾರಿಗಾದರೂ ಪದೇ ಪದೇ ಕಿಡ್ನಿ ಕಲ್ಲು, ಕ್ಯಾಲ್ಸಿಯಂ ಜಾಸ್ತಿ, ಪಿಟ್ಯುಟರಿ ಗಡ್ಡೆ ಅಂತ ಇದ್ದರೆ ತಪ್ಪದೆ ಹೇಳಿ. ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿಸುವುದು ಮೊದಲ ಹೆಜ್ಜೆ, ಅದು ಆಪರೇಷನ್ನಿಗೆ ಮುಂಚೆಯೇ ಆಗಲಿ.

ಫಿಟ್ಸ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನರರೋಗದ ಡಾಕ್ಟರಿಗೆ ಹೊಸ ರಿಪೋರ್ಟ್ ತೋರಿಸಿ ಹಂತ ಹಂತವಾಗಿ ಇಳಿಸಿ. ಅಮ್ಮನಿಗೆ ಎರಡು ತಿಂಗಳಲ್ಲಿ ಪೂರ್ತಿ ನಿಂತಿತು. ಈಗ ಮತ್ತೆ 5 ಗಂಟೆಗೆ ಕೊಟ್ಟಿಗೆಗೆ ಹೋಗುತ್ತಾರೆ. ಡೇರಿ ಪುಸ್ತಕದ ಬಲಗಡೆ ಮಾತ್ರ ಬಿಟ್ಟಿಲ್ಲ, ವಾರಕ್ಕೆರಡು ದಿನ ಖಾಲಿ ಹೊಟ್ಟೆಯಲ್ಲಿ ತಾವೇ ಚುಚ್ಚಿಕೊಂಡು ಬರೆಯುತ್ತಾರೆ. ನಿನ್ನೆ ಎಡಗಡೆ 11 ಲೀಟರ್, ಬಲಗಡೆ 91.